ಕುಡಿಯದೆ ಬಿಟ್ಟ ಕುಡಿತ

ನಮ್ಮ ತಾಲೂಕಿನಲ್ಲಿ ಕುಡಿತ ಬಿಟ್ಟವರ ಮಾತು ಬಂದರೆ ಮೊದಲು ನನ್ನ ಹೆಸರು ಬರುತ್ತದೆ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬ ಹೆಣ್ಣುಮಗಳು ಗಂಡನ ತೋಳು ಹಿಡಿದು ಎಳೆದುಕೊಂಡು ಬಂದು ನನ್ನ ಮುಂದೆ ಕೂರಿಸುತ್ತಾಳೆ. ‘ಅಣ್ಣಾರ, ನೀವು ಹ್ಯಾಂಗ ಬಿಟ್ರಿ, ಇವರಿಗೊಂದೀಟು ಬುದ್ಧಿ ಹೇಳ್ರಿ’ ಅನ್ನುತ್ತಾಳೆ. ನಾನು ಕೊರಳಿನ ತುಳಸಿ ಮಾಲೆಯನ್ನು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಮನಸ್ಸು ಗಟ್ಟಿ ಇರಬೇಕು, ಸಂಗ ಒಳ್ಳೆಯದಿರಬೇಕು ಎಂದೆಲ್ಲ ಹೇಳಿ ಕಳಿಸುತ್ತೇನೆ. ಇದರಲ್ಲಿ ತೊಡಕು ಒಂದೇ. ನಾನು ಹುಟ್ಟಿದಾಗಿನಿಂದ ಒಂದು ಹನಿ ಕುಡಿದವನಲ್ಲ.

ನಾನು ಇರುವುದು ಗೋವಾದಲ್ಲಿ. ತಪ್ಪು ಅಂತ ಮಾಡಿದ್ದರೆ ಅದೊಂದೇ. ವೆರ್ಣಾದ ಔಷಧ ಕಾರ್ಖಾನೆಯೊಂದರಲ್ಲಿ ಗುಳಿಗೆಗಳು ಪಟ್ಟಿಗಳಲ್ಲಿ ಸರಿಯಾಗಿ ಕೂತಿವೆಯೋ ಇಲ್ಲವೋ ಎಂದು ಯಂತ್ರದ ಮುಂದೆ ನಿಂತು ನೋಡುವುದು ನನ್ನ ಕೆಲಸ. ಫಾತೋರ್ಡಾದಲ್ಲಿ ಬಾಡಿಗೆ ಕೋಣೆ. ಪಾಳಿಗೆ ತಕ್ಕಂತೆ ಕಂಪನಿ ಬಸ್ಸು ಬಂದು ಎತ್ತಿಕೊಂಡು ಹೋಗುತ್ತದೆ, ಮತ್ತೆ ತಂದು ಸುರಿಯುತ್ತದೆ. ಮನೆಯ ಮಾಲೀಕ ಮುದುಕ. ಗೇರುಹಣ್ಣಿನ ಕಾಲ ಬಂತೆಂದರೆ ಅವನಿಗೆ ಲೋಕದ ಮೇಲೆ ಪ್ರೀತಿ ಉಕ್ಕುತ್ತಿತ್ತು. ಸಣ್ಣ ಗ್ಲಾಸಿನಲ್ಲಿ ಫೆನಿ ಹಿಡಿದು ಬಾಗಿಲಿಗೆ ಬಂದು ‘ಮಾತ್ಶಿ ಘೆ, ಪುತಾ’, ಸ್ವಲ್ಪ ತಗೋ ಮಗನೇ, ಎನ್ನುತ್ತಿದ್ದ. ಒಮ್ಮೆ ಅವನ ಮರ್ಯಾದೆಗೆಂದು ಗ್ಲಾಸನ್ನು ಮೂಗಿನ ಹತ್ತಿರ ಒಯ್ದು, ಅಲ್ಲಿಂದ ನೇರವಾಗಿ ಬಚ್ಚಲಿಗೆ ಓಡಿದ್ದೆ.

ಇದನ್ನು ಊರಲ್ಲಿ ಹೇಳಿದರೆ ಯಾರು ನಂಬಬೇಕು? ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡವೇ. ನನಗೆ ಮಜ್ಜಿಗೆಯೂ ಸಿಕ್ಕಿರಲಿಲ್ಲ, ಸುಮ್ಮನೆ ಮರದ ಕೆಳಗೆ ಕೂತಿದ್ದೆ.

ಗೋವಾ ನನ್ನನ್ನು ಕೆಡಿಸಿದ್ದು ಮೀನಿನಿಂದ. ರವೆ ಹಚ್ಚಿ ಕರಿದ ಬಾಂಗಡೆ, ತೆಂಗಿನ ಹಾಲಿನ ಸಿಗಡಿ ಸಾರು, ಒಣಮೀನಿನ ಚಟ್ನಿ. ಜೋಳದ ರೊಟ್ಟಿಯಲ್ಲಿ ಬೆಳೆದ ನಾಲಿಗೆ ಇವುಗಳ ಮುಂದೆ ತನ್ನ ಕುಲಗೋತ್ರ ಮರೆಯಿತು. ದೇವರು ಒಂದು ದಿನ ಎದುರು ನಿಂತು ಏನು ಬೇಕೆಂದು ಕೇಳಿದ್ದರೆ, ನಾನು ಅಂದಿನ ಬಾಂಗಡೆ ತಾಜಾ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮಳೆಗಾಲದಲ್ಲಿ ನಮ್ಮ ಕೋಣೆಯ ಪಕ್ಕದಲ್ಲೇ ದೊಡ್ಡ ಕಟ್ಟಡ ಏಳುತ್ತಿತ್ತು. ಅದರ ತಳದಲ್ಲಿ ನಿಂತ ನೀರಿನಲ್ಲಿ ಸೊಳ್ಳೆಗಳು ಸಂಸಾರ ಹೂಡಿದ್ದವು. ನನಗೆ ಚಳಿಜ್ವರ ಬಂತು. ಮೈ ಹೇಗೆ ನಡುಗಿತೆಂದರೆ ಕೆಳಗೆ ಮಂಚವೂ ಕಟಕಟ ಅನ್ನುತ್ತಿತ್ತು. ಸರಕಾರಿ ದವಾಖಾನೆಯವರು ಬೆರಳು ಚುಚ್ಚಿ ರಕ್ತ ನೋಡಿ ಮಲೇರಿಯಾ ಎಂದರು. ಜ್ವರ ಇಳಿಸಲು ಒಂದು ತರಹದ ಗುಳಿಗೆ. ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಮೇಲೆದ್ದು ಬರುವ ಕ್ರಿಮಿಗಳಿಗೆ ಇನ್ನೊಂದು ತರಹದ ಗುಳಿಗೆ, ಎರಡು ವಾರ. ಕೊಟ್ಟವನು ಚೆನ್ನಾಗಿಯೇ ಹೇಳಿದ್ದ: ಮೂತ್ರ ಕಪ್ಪಗೆ ಬಂದರೆ ಗುಳಿಗೆ ನಿಲ್ಲಿಸಿ ತಕ್ಷಣ ಬಾ. ನಾನು ತಲೆ ಆಡಿಸಿದೆ. ದವಾಖಾನೆಯಲ್ಲಿ ತಲೆ ಆಡಿಸದವರು ಯಾರಿದ್ದಾರೆ?

ಜ್ವರ ಬಿಟ್ಟಿತು. ಮರುದಿನವೇ ಊರಿಗೆ ಹೊರಟೆ, ಯಾಕೆಂದರೆ ಅವ್ವ ನನಗೆ ಹೆಣ್ಣು ಗೊತ್ತು ಮಾಡಿದ್ದಳು. ಅದೇ ವಾರ ನಿಶ್ಚಯ. ಗುಳಿಗೆಯ ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡೆ. ಗುಳಿಗೆ ಕಾರ್ಖಾನೆಯ ಅನ್ನ ತಿನ್ನುವವನು ಗುಳಿಗೆಯನ್ನು ಅರ್ಧಕ್ಕೆ ಬಿಡುವುದುಂಟೆ?

ಮನೆಗೆ ಹೋದೊಡನೆ ಅವ್ವ ಟ್ರಂಕು ತೆರೆದಳು. ಅವಳಿಗೆ ಹಣಮಪ್ಪನ ಮೇಲೆ ಎಷ್ಟು ನಂಬಿಕೆಯೋ ಡಾಂಬರ ಗುಳಿಗೆಯ ಮೇಲೂ ಅಷ್ಟೇ. ಸಂತೆಯಿಂದ ಆ ಬಿಳಿ ಉಂಡೆಗಳನ್ನು ತಂದು ಬಟ್ಟೆಯ ಪ್ರತಿ ಮಡಿಕೆಯಲ್ಲೂ ಇಡುತ್ತಿದ್ದಳು. ನಮ್ಮ ಮನೆಯ ಬಟ್ಟೆಯನ್ನು ಹುಳ ಮುಟ್ಟಿದ ಉದಾಹರಣೆ ಇಲ್ಲ. ಮನುಷ್ಯರು ಮುಟ್ಟಲಿಕ್ಕೂ ಸ್ವಲ್ಪ ಧೈರ್ಯ ಬೇಕಿತ್ತು. ಆ ಟ್ರಂಕಿನಿಂದ ನನಗೆ ಹೊಸ ಅಂಗಿ ಧೋತರ ಬಂತು, ಹೊದೆಯಲು ಕೌದಿಯೂ ಅಲ್ಲಿಂದಲೇ ಬಂತು. ಎರಡು ರಾತ್ರಿ ಆ ವಾಸನೆಯೊಳಗೇ ಮಲಗಿದೆ.

ಮೂತ್ರ ಹಾಲು ಹಾಕದ ಚಹಾದಂತೆ ಆಯಿತು. ನೋಡಿದೆ, ಬಸ್ಸಿನಲ್ಲಿ ಕೂತು ಉಷ್ಣವಾಗಿದೆ ಎಂದುಕೊಂಡೆ. ನಮ್ಮ ಕಡೆ ಮನುಷ್ಯನಿಗೆ ಏನೇ ಆದರೂ ಮೊದಲು ಉಷ್ಣ, ಅದು ಅಲ್ಲದಿದ್ದರೆ ದೃಷ್ಟಿ. ಜೀರಿಗೆ ನೀರು ಕುಡಿದೆ. ಗುಳಿಗೆಯನ್ನು ಮಾತ್ರ ಭಕ್ತಿಯಿಂದ ನುಂಗುತ್ತಲೇ ಹೋದೆ.

ನಿಶ್ಚಯದ ದಿನ ಹೆಣ್ಣಿನ ಕಡೆಯವರು ಬಂದರು. ಉಪ್ಪಿಟ್ಟು, ಶಿರಾ, ಚಹಾ ಎಲ್ಲ ಆಯಿತು. ಆಮೇಲೆ ಹುಡುಗಿಯ ಸೋದರಮಾವ ನನ್ನ ಹತ್ತಿರ ಸರಿದು ಕೂತು ಮುಖವನ್ನೇ ನೋಡಿದ. ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದ, ದನದ ಸಂತೆಯಲ್ಲಿ ಹೋರಿಯ ಬಾಯಿ ಬಿಡಿಸಿ ನೋಡುತ್ತಾರಲ್ಲ, ಹಾಗೆ.

‘ಕಣ್ಣು ಅರಿಷಿಣಾ ಆಗ್ಯಾವಲ್ಲ. ಎಲ್ಲಿರ್ತೀರಿ ನೀವು?’

‘ಗೋವಾದಾಗ್ರಿ.’

ರೆಪ್ಪೆ ಬಿಟ್ಟ. ‘ಮುಗೀತಲ್ಲ. ಇನ್ನೇನ ಕೇಳೂದೈತಿ?’ ಎಂದು ಎದ್ದು ನಿಂತ.

ನಾನು ಕುಡಿಯುವುದಿಲ್ಲ ಎಂದೆ. ಕುಡಿಯುವವರೆಲ್ಲ ಹೇಳುವುದೂ ಅದನ್ನೇ. ಮಲೇರಿಯಾ ಎಂದೆ, ಮಲೇರಿಯಾಕ್ಕೆ ಕಣ್ಣು ಹಳದಿಯಾಗುತ್ತದೆಯೇ ಎಂದರು. ಮಾತು ಮುರಿದು ಹೊರಟರು. ಹೋಗುವಾಗ ಪಾತ್ರೆಯಲ್ಲಿ ಉಳಿದ ಶಿರಾವನ್ನು ಮಕ್ಕಳಿಗೆಂದು ಕಟ್ಟಿಸಿಕೊಂಡರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಮಾಡಿದವನಿಗೆ ಕಾಮಾಲೆ ಬಂದಿರಲಿಕ್ಕಿಲ್ಲ. ನನಗೆ ಎಲ್ಲವೂ ಆಯಾ ಬಣ್ಣದಲ್ಲೇ ಕಾಣುತ್ತಿತ್ತು. ಹಳದಿ ಕಂಡದ್ದು ಊರಿಗೆ.

ಅವ್ವ ಅವತ್ತು ಅಳಲಿಲ್ಲ, ಬಯ್ಯಲಿಲ್ಲ. ಸೆರಗು ಹೊದ್ದು ಹಣಮಪ್ಪನ ಗುಡಿಗೆ ಹೋದಳು. ನಾನೂ ಹಿಂದೆ ಹೋದೆ. ದೇವರ ಮುಂದೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು: ‘ಯಪ್ಪಾ, ನನ್ನ ಮಗಾ ಕುಡಿಯೂದು ಬಿಡೂತನಾ ನಾ ಚಾ ಮುಟ್ಟಂಗಿಲ್ಲ.’

ಇದು ಎಂಥ ಹರಕೆ ಎಂದು ತಿಳಿಯಬೇಕಾದರೆ ಅವ್ವನ ಚಹಾ ಗೊತ್ತಿರಬೇಕು. ಅವಳಿಗೆ ಬೇರೆ ಚಟವಿಲ್ಲ, ಎಲೆ ಅಡಿಕೆಯೂ ಇಲ್ಲ. ಬೆಲ್ಲ, ಏಲಕ್ಕಿ ಹಾಕಿ ಕುದಿಸಿದ ಚಹಾವನ್ನು ಬಶಿಗೆ ಸುರುವಿಕೊಂಡು, ಊದಿ ಊದಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಬಶಿ ಮುಗಿದ ಮೇಲೆಯೇ ನೀರು ಹುಡುಕುವವಳು. ನಮ್ಮಪ್ಪ ಸಂತೆಯ ದಿನ ತಪ್ಪದೆ ಹಾಕಿಕೊಂಡೇ ಮನೆಗೆ ಬರುತ್ತಿದ್ದ. ಅವನಿಗಾಗಿ ಅವ್ವ ಒಂದು ಗುಟುಕನ್ನೂ ಬಿಟ್ಟವಳಲ್ಲ. ಕುಡಿಯುವ ಗಂಡನಿಗೆ ಇಲ್ಲದ ಮರ್ಯಾದೆ ಕುಡಿಯದ ಮಗನಿಗೆ ಸಿಕ್ಕಿತು.

ನನ್ನ ಸಂಕಟ ನೋಡಿ. ಕುಡಿಯುವವನಾಗಿದ್ದರೆ ಬಿಡಬಹುದಿತ್ತು. ಶುರುವೇ ಮಾಡದ್ದನ್ನು ಬಿಡುವುದು ಹೇಗೆ? ನಾನು ಹೀಗೇ ಇದ್ದಷ್ಟು ಕಾಲ ಅವ್ವನಿಗೆ ಚಹಾ ಇಲ್ಲ.

ಮರುದಿನ ಅಪ್ಪ ನನ್ನನ್ನು ಕಾಮಣಿಗೆ ಔಷಧ ಕೊಡುವವನ ಹತ್ತಿರ ಕರೆದೊಯ್ದ. ಅವನು ಯಾವುದೋ ಸೊಪ್ಪಿನ ರಸವನ್ನು ನನ್ನ ಮೂಗಿಗೆ ಹಿಂಡಿದ. ಮೆದುಳು ಬೆಂದು ಬಾಯಿಗೆ ಇಳಿದಂತಾಯಿತು. ‘ಔಷಧಾ ಇಂವಗ ಹತ್ತಂಗಿಲ್ಲ, ಮೊದಲ ದಾರೂ ಬಿಡಸ್ರಿ’ ಎಂದ. ಅಪ್ಪ ಗಂಭೀರವಾಗಿ ತಲೆಯಾಡಿಸಿದ. ಅದು ಸಂತೆಯ ದಿನವಾಗಿತ್ತು, ಅವನ ಉಸಿರಿನಲ್ಲೇ ದೀಪ ಹಚ್ಚಬಹುದಿತ್ತು.

ರಜೆ ಮುಗಿದು ಗೋವಾಕ್ಕೆ ಮರಳಿದಾಗ ಕೋಣೆಯ ಮೆಟ್ಟಿಲು ಹತ್ತಲಾಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ತುಟಿ ಬೆಳ್ಳಗಾಗಿತ್ತು. ಮೆಟ್ಟಿಲ ಮೇಲೆಯೇ ಕೂತೆ. ಫೆನಿಯ ಮುದುಕ ನೋಡಿದವನೇ ಗ್ಲಾಸು ಕೆಳಗಿಟ್ಟು, ರಿಕ್ಷಾ ಕರೆದು, ಮಡಗಾವಿನ ಆಸ್ಪತ್ರೆಗೆ ತಾನೇ ಒಯ್ದು ಸೇರಿಸಿದ. ಅವನು ಆ ಹೊತ್ತಿಗೆ ಸರಿಯಾಗಿ ಕುಡಿಯುತ್ತ ಬಾಗಿಲಲ್ಲಿ ಕೂತಿರದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಡಾಕ್ಟರು ಹೆಂಗಸು. ಅವರ ಮೊದಲ ಪ್ರಶ್ನೆಯೂ ಅದೇ, ‘ಕುಡಿಯುತ್ತೀಯಾ?’ ಕೂಗಾಡಲು ಮೈಯಲ್ಲಿ ರಕ್ತ ಉಳಿದಿರಲಿಲ್ಲ, ಆದರೂ ಕೂಗಾಡಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ‘ಹಾಗಾದರೆ ಏನು ನುಂಗಿದೆ?’ ಎಂದು ಹಿಂದಿಯಲ್ಲಿ ಕೇಳಿದರು. ಕಿಸೆಯಿಂದ ಪಟ್ಟಿ ತೆಗೆದು ಕೊಟ್ಟೆ. ನೋಡಿ, ಅದನ್ನು ತಮ್ಮ ಕೋಟಿನ ಕಿಸೆಗೇ ಹಾಕಿಕೊಂಡರು. ನನಗೆ ಮತ್ತೆ ಕೊಡಲಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ರಕ್ತದ ಕೆಂಪು ಕಣಗಳಿಗೆ ತಮ್ಮನ್ನು ಕಾಪಾಡಿಕೊಳ್ಳಲು ಒಂದು ಕಿಣ್ವ ಬೇಕು. ನನ್ನ ಕಣಗಳಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಸುಮ್ಮನಿದ್ದರೆ ಏನೂ ತೊಂದರೆಯಿಲ್ಲ, ಮನುಷ್ಯ ನೂರು ವರ್ಷ ಬಾಳಬಹುದು. ಆದರೆ ಕೆಲವು ವಸ್ತುಗಳು ಒಳಗೆ ಹೋದರೆ ಕಣಗಳು ತಡೆದುಕೊಳ್ಳದೆ ಒಡೆಯುತ್ತವೆ. ಒಳಗಿನ ಕೆಂಪು ಮೂತ್ರದಲ್ಲಿ ಇಳಿದು ಕಪ್ಪಾಗುತ್ತದೆ, ಉಳಿದದ್ದು ಕಣ್ಣಿನಲ್ಲಿ ಹಳದಿಯಾಗುತ್ತದೆ. ಎರಡು ವಾರದ ಆ ಮಲೇರಿಯಾ ಗುಳಿಗೆ ಅಂಥದ್ದೊಂದು. ಡಾಂಬರ ಗುಳಿಗೆ ಇನ್ನೊಂದು. ಅದನ್ನು ನುಂಗಲೇಬೇಕೆಂದಿಲ್ಲ, ಅಂಥ ಬಟ್ಟೆ ಉಟ್ಟು ವಾಸನೆ ಕುಡಿದರೂ ಕೆಲವರಿಗೆ ಸಾಕು. ಎಲ್ಲರಿಗೂ ಒಳ್ಳೆಯದು ಮಾಡುವ ಗುಳಿಗೆ ನನಗೊಬ್ಬನಿಗೆ ವೈರಿಯಾಗಿತ್ತು, ನಾನೋ ಅದನ್ನು ತೀರ್ಥದಂತೆ ಸೇವಿಸಿದ್ದೆ. ‘ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ’ ಎಂದೂ ಅವರು ಹೇಳಿದರು. ಆಗ ಆ ಮಾತು ಕಿವಿಗೆ ಅಷ್ಟಾಗಿ ತಾಗಲಿಲ್ಲ.

ನನಗೆ ರಕ್ತ ಏರಿಸಿದರು. ಗೋವಾದ ಯಾವ ಪುಣ್ಯಾತ್ಮನದೋ ಏನೋ. ಅದರಲ್ಲಿ ಫೆನಿ ಎಷ್ಟಿತ್ತು ಎಂಬುದು ಅವನಿಗೇ ಗೊತ್ತು. ನನ್ನ ಮೈಗೆ ಎಂದಾದರೂ ಮದ್ಯ ಸೇರಿದ್ದರೆ ಅದು ಅವತ್ತೇ, ಅದೂ ಸೂಜಿಯಲ್ಲಿ.

ದೀಪಾವಳಿಗೆ ಊರಿಗೆ ಹೋದೆ. ಗೆದ್ದು ಬರುವ ಪೈಲವಾನನ ಹಾಗೆ ಹೋದೆ, ಯಾಕೆಂದರೆ ಈಗ ನನ್ನ ಕಡೆ ವಿಜ್ಞಾನವಿತ್ತು. ಕಟ್ಟೆಯ ಮೇಲೆ ಕೂತವರಿಗೆಲ್ಲ ಕೆಂಪು ಕಣ ಹೇಗೆ ಒಡೆಯುತ್ತದೆ ಎಂದು ಕೈಸನ್ನೆ ಮಾಡಿ ತೋರಿಸಿದೆ. ‘ಗುಳಗಿ ನುಂಗಿದ್ರ ಜಡ್ಡು ಹೋಗೂದು ಕೇಳೇವಿ. ಬರೂದು ಇವತ್ತ ಕೇಳಿದ್ವಿ’ ಎಂದು ನಕ್ಕರು. ಅಪ್ಪನಂತೂ ಮೆಚ್ಚಿಕೊಂಡ. ‘ಹಿಂತಾವ ನಾನೂ ನಿಮ್ಮವ್ವಗ ಭಾಳ ಹೇಳೇನಿ. ಆದ್ರ ಇಷ್ಟು ಚಲೋದು ಹೊಳದಿರಲಿಲ್ಲ’ ಎಂದ.

ಅವ್ವ ಇಳಿದುಹೋಗಿದ್ದಳು. ಬೆಳಿಗ್ಗೆ ಎದ್ದರೆ ತಲೆನೋವು, ಹಣೆಗೆ ಬಟ್ಟೆ ಕಟ್ಟಿಕೊಂಡೇ ಕೆಲಸ. ಮನೆಗೆ ಯಾರು ಬಂದರೂ ಚಹಾ ಕುದಿಸಿ ಕೊಡುತ್ತಿದ್ದಳು, ಆವಿ ಬರುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಅದನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಇಡೀ ಊರನ್ನು ಹಿಡಿದು ಒದೆಯಬೇಕೆನಿಸಿತು.

ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯಲ್ಲಿ ಹೋಗಿ ಕೂತೆ. ಅವಳೇ ಕೇಳಿದಳು.

‘ಡಾಕ್ಟರಬಾಯಾರು ಏನಂದ್ರು? ಮಂದಿ ಮುಂದ ಹೇಳಿದಂಗ ಬ್ಯಾಡ. ನನಗ ತಿಳಿಯೂವಂಗ ಹೇಳು.’

ಅಷ್ಟು ದಿನಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ಹುರುಪು ಬಂತು. ಕಣ, ಗುಳಿಗೆ, ಡಾಂಬರ, ಎಲ್ಲ ಹೇಳಿದೆ. ಇನ್ನು ಮುಂದೆ ಯಾವುದನ್ನು ಮುಟ್ಟಬಾರದು ಎಂಬುದನ್ನೂ ಹೇಳಿದೆ. ಅದೇ ಹುರುಪಿನಲ್ಲಿ ಬಾಯಿಂದ ಬಂದುಬಿಟ್ಟಿತು: ‘ಇದು ತಾಯಿಯಿಂದ ಬರತೈತಂತವ್ವಾ.’

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಅವ್ವ ನನ್ನನ್ನು ನಂಬಿದ್ದಳು. ಅದು ಅವಳ ಮುಖದ ಮೇಲೆ ಬರೆದಂತೆ ಕಾಣುತ್ತಿತ್ತು. ಊರೆಲ್ಲ ಕೈಬಿಟ್ಟ ಮಾತನ್ನು ಅವಳೊಬ್ಬಳು ಪೂರ್ತಿ ನಂಬಿ, ಹಿಟ್ಟಿನ ಕೈಯನ್ನು ತನ್ನ ಎದೆಗೆ ಒತ್ತಿಕೊಂಡು ಕೇಳಿದಳು: ‘ಹಂಗಾರ ನಾನ ಕೊಟ್ಟದ್ದೇನಪಾ ಇದು? ಹೊಟ್ಟ್ಯಾಗ ಇಟ್ಕೊಂಡು ನಾನ ಕೊಟ್ನ್ಯಾ? ಮ್ಯಾಲ ಡಾಂಬರಗುಳಗಿ ಅಂಗಿ ಧೋತರಾನೂ ನಾನ ಉಡಿಸಿದೆ. ನಿನ್ನ ಲಗ್ನಾ ಮುರದಾಕಿ ನಾನ ಆದ್ನೇನು?’

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ. ನಂಬಿಕೆಗಾಗಿ ಅಷ್ಟು ದಿನ ಬಾಯಿ ಬಡಿದುಕೊಂಡವನಿಗೆ, ಸಿಕ್ಕ ನಂಬಿಕೆ ಒಂದು ಗಳಿಗೆಯೂ ಸಹಿಸಲಾಗಲಿಲ್ಲ.

‘ಇಲ್ಲವ್ವಾ’ ಎಂದೆ. ‘ಅದೆಲ್ಲಾ ಸುಳ್ಳು. ನಾ ಕುಡೀತಿದ್ದೆ.’

‘ಏನಂದಿ?’

‘ಫೆನಿ. ದಿನಾಲೂ ಕುಡೀತಿದ್ದೆ.’

ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಒಲೆಯ ಪಕ್ಕದ ಊದುಗೊಳವಿ ಎತ್ತಿಕೊಂಡು ನನ್ನ ಬೆನ್ನಿಗೆ ಬಾರಿಸಿದಳು. ‘ಭಾಡ್ಯಾ! ದವಾಖಾನಿ ಹೆಸರ್ಲೆ ಕಥೀ ಕಟ್ಟತೀ?’ ಇನ್ನೊಂದು ಬಿತ್ತು. ‘ಬಿಡ್ತೀಯೋ ಇಲ್ಲೋ?’

‘ಬಿಟ್ಟೆ.’

‘ಯಾವಾಗ?’

‘ಈಗ.’

‘ಬಾಯಿ ಮಾತು ಬ್ಯಾಡ. ಮಾಲಿ ಹಾಕ್ಕೋ.’

ಹಾಕಿಕೊಳ್ಳುತ್ತೇನೆ ಎಂದೆ. ನಮ್ಮ ಕಡೆ ವಿಠ್ಠಲನ ತುಳಸಿ ಮಾಲೆ ಕೊರಳಿಗೆ ಬಿತ್ತೆಂದರೆ ಮದ್ಯ ಬಿಡಬೇಕು ಎಂಬುದಷ್ಟೇ ಆ ಹೊತ್ತಿಗೆ ನೆನಪಿತ್ತು. ಮಾಂಸ ಮೀನನ್ನೂ ಬಿಡಬೇಕು ಎಂಬುದು ಹೊಳೆದದ್ದು ಗುಡಿಯಲ್ಲಿ ಮಂಡಿಯೂರಿ ಕೂತ ಮೇಲೆ. ಅಷ್ಟರಲ್ಲಿ ಮಾಲೆ ಕಿವಿ ದಾಟಿ ಕೆಳಗಿಳಿದಿತ್ತು. ವಿಠ್ಠಲ ಸೊಂಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದ. ಮಾಲೆ ಹಾಕಿದ ಹಿರಿಯರು ‘ದಿನಾ ಎಷ್ಟು ಕುಡೀತಿದ್ದಿ, ದೇವರ ಮುಂದ ಖರೇ ಹೇಳು’ ಎಂದರು. ಕುಡುಕರು ಎಷ್ಟು ಕುಡಿಯುತ್ತಾರೆ ಎಂಬ ಅಂದಾಜು ನನಗೆಲ್ಲಿಂದ ಬರಬೇಕು? ಎದುರಿಗೆ ತೀರ್ಥದ ತಂಬಿಗೆ ಕಂಡಿತು.

‘ಒಂದು ತಂಬಿಗಿ ಫೆನಿರಿ’ ಎಂದೆ.

ಅಪ್ಪ ನನ್ನನ್ನು ಅಂಥ ಗೌರವದಿಂದ ನೋಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಮನೆಗೆ ಬಂದು ಅವ್ವ ಚಹಾ ಇಟ್ಟಳು. ಬೆಲ್ಲ ಹಾಕಿದಳು, ಏಲಕ್ಕಿ ಜಜ್ಜಿದಳು, ಬಶಿಗೆ ಸುರುವಿದಳು. ಊದಿದಳು. ಮೊದಲ ಗುಟುಕಿಗೆ ಅವಳ ಕಣ್ಣು ಮುಚ್ಚಿದವು. ನನ್ನ ಬೆನ್ನು ಇನ್ನೂ ಉರಿಯುತ್ತಿತ್ತು, ಆದರೂ ಅಷ್ಟು ಸುಖವಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಸಂಕಟ ಕಾಡಿದ್ದು ಫಾತೋರ್ಡಾದಲ್ಲಿ. ಮಧ್ಯಾಹ್ನ ಮಾಲೀಕನ ಮನೆಯಿಂದ ಬಾಂಗಡೆ ಹುರಿಯುವ ವಾಸನೆ ಗೋಡೆ ದಾಟಿ ಬರುತ್ತಿತ್ತು. ಕುಡಿತ ಬಿಡುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಬಾಂಗಡೆ ಬಿಟ್ಟು ನೋಡಲಿ. ನಡೆದದ್ದನ್ನೆಲ್ಲ ಮುದುಕನಿಗೆ ಹೇಳಿದೆ. ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ಪಾಲಿನ ಮೀನನ್ನೂ ತಾನೇ ತಿಂದ.

ಇತ್ತ ಊರಲ್ಲಿ ನನ್ನ ಬೆಲೆ ಏರಿತು. ಕುಡಿಯದವನಿಗೆ ಹೆಣ್ಣು ಕೊಡದವರು ಕುಡಿದು ಬಿಟ್ಟವನಿಗೆ ಸಾಲುಗಟ್ಟಿ ಬಂದರು. ಛಲದ ಮನುಷ್ಯ, ಒಂದು ತಂಬಿಗೆಯನ್ನೇ ಬಿಟ್ಟವನು ಎಂದು ಹೊಗಳಿದರು. ಮರುವರ್ಷ ಲಗ್ನ ಗೊತ್ತಾಯಿತು. ಸಿದ್ಧತೆಗೆಂದು ನಾನು ಮುಂಚಿತವಾಗಿಯೇ ಹೋಗಿದ್ದೆ. ನಮ್ಮ ಮನೆಯ ಟ್ರಂಕು ತೆರೆಯುವುದು ಇಂಥ ಕಾರ್ಯಗಳಿಗೆ ಮಾತ್ರ. ‘ನನ್ನ ಧಾರೀ ಸೀರಿ ತಗಿ, ಬಿಸಲಿಗೆ ಹಾಕೂನು’ ಎಂದಳು ಅವ್ವ. ಮುಚ್ಚಳ ಎತ್ತುವ ಮೊದಲು ಅಭ್ಯಾಸದಂತೆ ಉಸಿರು ಬಿಗಿಹಿಡಿದೆ. ಬೇಕಾಗಿರಲಿಲ್ಲ. ಒಳಗೆ ಬಜೆಯ ತುಂಡು, ಒಣಗಿದ ಬೇವಿನೆಲೆ, ನಾಲ್ಕು ಲವಂಗ. ಸೀರೆ ಬಿಡಿಸಿದರೆ ಸೆರಗಿನ ತುಂಬ ತೂತು. ಯಾವ ಹುಳಗಳನ್ನು ಅವಳು ಜೀವಮಾನವಿಡೀ ಹೊಸ್ತಿಲ ಒಳಗೆ ಬಿಟ್ಟುಕೊಂಡಿರಲಿಲ್ಲವೋ, ಅವು ಅವಳ ಧಾರೆ ಸೀರೆಯಲ್ಲೇ ಹಬ್ಬ ಮಾಡಿದ್ದವು.

‘ಅವ್ವಾ, ಡಾಂಬರಗುಳಗಿ ಎಲ್ಲಿ?’

‘ಒಗದೆ.’

‘ಯಾವಾಗ?’

ಬಶಿಯನ್ನು ಊದುತ್ತಿದ್ದವಳು ತಲೆ ಎತ್ತಲಿಲ್ಲ. ‘ನೀ ಕುಡಿಯೂದು ಬಿಟ್ಟಿ ನೋಡು, ಅವತ್ತ.’

ನಾನು ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಅವಳು ಇನ್ನೊಂದು ಬಶಿಗೆ ಚಹಾ ಸುರುವಿ ನನ್ನ ಕಡೆ ಸರಿಸಿದಳು.